ಕಾರಿಗನ್ ಮನೆಯ ಮುಚ್ಚಿದ ಕನ್ನಡಿ

ಕನ್ನಡಿಗೆ ಬಿಳಿ ಬಟ್ಟೆ ಹೊದಿಸಿತ್ತು. ಗೋಡೆ ಗಡಿಯಾರ ನಿಂತಿತ್ತು. ಎತ್ತರದ ಕಿಟಕಿ ತೆರೆದಿತ್ತು, ಸಮುದ್ರದ ಮಂಜು ಒಳಗೆ ಬರುತ್ತಿತ್ತು. ಗಾಲಿಕುರ್ಚಿಯಲ್ಲಿ ಐರಿಷ್ ನಾಟಕಕಾರ ಫಿಂಟನ್ ಕಾರಿಗನ್ ಸತ್ತು ಕೂತಿದ್ದರು. ಕಣ್ಣು ಎದುರಿನ ಖಾಲಿ ಕುರ್ಚಿಯ ಮೇಲಿತ್ತು.

ಆಕ್ಲೆಂಡಿಗೆ ಮೂರು ಗಂಟೆ ದಾರಿಯ ಟೌರಂಗಾ ಊರಿನ ಡಿಟೆಕ್ಟಿವ್ ಕಾತ್ಯಾಯಿನಿ ಮೈಸೂರಿನವಳು. ಓದಲು ಬಂದು ಇಲ್ಲೇ ಪೊಲೀಸಾದವಳು. ದೆವ್ವ ಭೂತ ನಂಬುವವಳಲ್ಲ. ಆದರೂ ಆ ಖಾಲಿ ಕುರ್ಚಿಗೆ ಬೆನ್ನು ಹಾಕಿ ನಿಲ್ಲಲು ಅವಳಿಗೆ ಮನಸ್ಸಾಗಲಿಲ್ಲ.

"ಆ ಕುರ್ಚಿ ಯಾರದು?"

"ಅವರ ತಮ್ಮಂದು, ಮೇಡಂ." ಕಾರಿಗನ್ ಅವರನ್ನು ನೋಡಿಕೊಳ್ಳುತ್ತಿದ್ದ ಶ್ರೀವಿದ್ಯಾ ಬಾಗಿಲಲ್ಲೇ ನಿಂತಿದ್ದಳು. ಬೆಳಿಗ್ಗೆ ಬಂದು ಹೆಣ ನೋಡಿದವಳು ಅವಳೇ. "ಚಿಕ್ಕೋನಿದ್ದಾಗ ಅವರೂರ ಸಮುದ್ರದಲ್ಲಿ ಮುಳುಗೋದ್ನಂತೆ. ದಿನಾ ಸಾಯಂಕಾಲ ಬಂದು ಎದುರಿಗೆ ಕೂರ್ತಾನೆ, ಬಟ್ಟೆಯಿಂದ ನೀರು ತೊಟ್ಟಿಕ್ತಿರುತ್ತೆ ಅಂತಿದ್ರು. ನಾನು ಆ ಕುರ್ಚಿ ಒರೆಸೋದೇ ಬಿಟ್ಬಿಟ್ಟಿದ್ದೆ."

"ಎದೆನೋವು ಬಂದ್ರೆ ಬಾಯಿಗೆ ಹೊಡ್ಕೊಳ್ಳೋ ಸ್ಪ್ರೇ ಎಲ್ಲಿ?"

"ನಿನ್ನೆ ಮಧ್ಯಾಹ್ನ ಹೊರಡೋವಾಗ ಗಾಲಿಕುರ್ಚಿ ಜೇಬಲ್ಲೇ ಇಟ್ಟಿದ್ದೆ."

ಜೇಬು ಖಾಲಿಯಿತ್ತು. ಕಾತ್ಯಾಯಿನಿ ಕನ್ನಡಿಯ ಬಟ್ಟೆ ಎತ್ತಿದಳು. ಕನ್ನಡಿಯ ಬುಡದಲ್ಲಿ, ಅವಳ ಭುಜದೆತ್ತರದ ಹಲಗೆಯ ಮೇಲೆ ಸ್ಪ್ರೇ ಇತ್ತು.

ವಿಷಯ ತಿಳಿದ ಕೂಡಲೇ ಶ್ರೀವಿದ್ಯಾಳನ್ನು ಕೆಲಸಕ್ಕಿಟ್ಟ ಏಜೆನ್ಸಿಯವರು ಫೋನಿನಲ್ಲೇ ತೀರ್ಪು ಕೊಟ್ಟರು. ಧೂಳು ಒರೆಸುವಾಗ ಅಲ್ಲಿಟ್ಟು ಮರೆತಿದ್ದಾಳೆ ಎಂದರು. ಬಡವರ ಮೇಲೆ ತಪ್ಪು ಹೊರಿಸಲು ಯಾವ ದೇಶದಲ್ಲೂ ತಡವಾಗುವುದಿಲ್ಲ.

"ಕೆಲಸ ಹೋದ್ರೆ ವೀಸಾನೂ ಹೋಗುತ್ತೆ, ಮೇಡಂ," ಎಂದಳು ಶ್ರೀವಿದ್ಯಾ. "ಅದಿರ್ಲಿ. ನನ್ನ ಕೈಯಾರೆ ಸತ್ರು ಅಂತಾದ್ರೆ ನಾನು ಹೆಂಗೆ ಬದುಕ್ಲಿ?"

ಫ್ರಿಜ್ ಮೇಲೊಂದು ಪೋಸ್ಟರ್ ಅಂಟಿತ್ತು. ಕಾರಿಗನ್ ನಾಟಕ, ಕನ್ನಡದಲ್ಲಿ, ಈ ಶನಿವಾರ ಆಕ್ಲೆಂಡಿನಲ್ಲಿ. ಅನುವಾದ, ನಿರ್ದೇಶನ: ಉದಯಶಂಕರ್. ಚಿತ್ರದಲ್ಲಿ ಮುಚ್ಚಿದ ಕನ್ನಡಿ, ನಿಂತ ಗಡಿಯಾರ, ತೆರೆದ ಕಿಟಕಿ.

* * *

ಆಕ್ಲೆಂಡಿನ ಫ್ಲ್ಯಾಟ್ ಬುಷ್ ಬಡಾವಣೆಯಲ್ಲಿ ಉದಯಶಂಕರ್ ಮನೆಯ ಗ್ಯಾರೇಜ್ ಬಾಗಿಲು ತೆರೆದೇ ಇತ್ತು. ಒಳಗಿನ ಅರೆಗತ್ತಲಲ್ಲಿ ಒಬ್ಬ ಮನುಷ್ಯ ತೂಗಾಡುತ್ತಿದ್ದ. ಕಾತ್ಯಾಯಿನಿ ಒಳಗೆ ಓಡಿದಳು. ಹತ್ತಿರ ಹೋದರೆ, ಉದ್ದನೆಯ ಉಣ್ಣೆ ಕೋಟು. ತುದಿಯಿಂದ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಚರ್ಮದ ಶೂಗಳು, ಒಳಗೆಲ್ಲ ನೀರು. ಬಾಗಿಲ ಬಳಿ ಗಾರ್ಡನ್ ಪೈಪ್ ಬಿದ್ದಿತ್ತು.

ಉದಯಶಂಕರ್ ಹೊರಗೆ ಬಂದರು. ಸುದ್ದಿ ಕೇಳಿ ಗೋಡೆಗೆ ಒರಗಿದರು.

"ಹೋಗ್ಬಿಟ್ರಾ? ನಾನು ಆ ಕಡೆ ಹೋಗಿ ತಿಂಗಳಾಯ್ತು."

"ಅವರ ನಾಟಕದಲ್ಲಿ ಕನ್ನಡಿ ಯಾಕೆ ಮುಚ್ತಾರೆ, ಸರ್?"

"ಐರಿಷ್ ಪದ್ಧತಿ. ಸಾವಾದ ಮನೇಲಿ ಕನ್ನಡಿ ಮುಚ್ಚಿ, ಗಡಿಯಾರ ನಿಲ್ಲಿಸಿ, ಆತ್ಮ ಹೋಗ್ಲಿ ಅಂತ ಕಿಟಕಿ ತೆಗೀತಾರೆ. ನಾಟಕದ ಮುದುಕ ಸಾವು ಬಂತು ಅಂತ ಗೊತ್ತಾಗಿ ಎಲ್ಲಾ ತಾನೇ ಮಾಡ್ಕೋತಾನೆ. ಮಾಡಿ, ತಮ್ಮನಿಗೋಸ್ಕರ ಕಾಯ್ತಾನೆ. ಇವರೂ ಹಾಗೇ ಮಾಡ್ಕೊಂಡಿರಬೇಕು, ಪಾಪ."

"ಕೋಟು ಹೇಗೆ ನೆನೀತು?"

"ಮಳೇಲಿ."

"ವಾರದಿಂದ ಮಳೆ ಎಲ್ಲಿ ಬಂದಿದೆ, ಸರ್?"

"ಕಾಫಿ ಚೆಲ್ಲಿತ್ತು. ತೊಳೆದೆ."

"ಶೂ ಒಳಗೂ ಚೆಲ್ತಾ?"

ಅವರು ಶೂಗಳನ್ನು ಕಾಲಿಂದ ಪಕ್ಕಕ್ಕೆ ತಳ್ಳಿದರು. ಕೋಟಿನ ನೀರು ತೊಟ್ಟಿಕ್ಕುತ್ತಲೇ ಇತ್ತು.

"ನಮ್ಮಮ್ಮ ಸಾವಿನ ಮನೆಯಿಂದ ಬಂದ್ರೆ ಹೊಸ್ತಿಲು ದಾಟ್ತಿರಲಿಲ್ಲ," ಎಂದಳು ಕಾತ್ಯಾಯಿನಿ. "ಹೊರಗೇ ನಿಂತು, ಉಟ್ಟ ಬಟ್ಟೆ ಮೇಲೇ ನೀರು ಹಾಕ್ಕೊಂಡು ಒಳಗೆ ಬರೋರು. ನೀವೂ ನಿನ್ನೆ ಅದನ್ನೇ ಮಾಡಿದ್ರಿ, ಈ ಚಳೀಲಿ, ಗಾರ್ಡನ್ ಪೈಪಲ್ಲಿ. ಸಾವಿನ ಸುದ್ದಿ ನಾನು ತರೋ ಮೊದಲೇ ನಿಮಗೆ ಮೈಲಿಗೆ ಎಲ್ಲಿಂದ ಬಂತು?"

ಉದಯಶಂಕರ್ ಕೋಟಿನ ಕಡೆ ನೋಡಲಿಲ್ಲ. ನೋಡಲು ಅವರಿಗೆ ಭಯವಿತ್ತು.

"ಹೋಗಿದ್ದೆ. ಆಗಲೇ ಸತ್ತಿದ್ರು. ಗೌರವಕ್ಕೆ ಅಂತ ಕನ್ನಡಿ ಮುಚ್ಚಿದೆ."

"ಸ್ಪ್ರೇ ಆ ಕನ್ನಡಿ ಹಲಗೆ ಮೇಲೇ ಇತ್ತು. ಅಷ್ಟೆತ್ತರ ಅವರ ಕೈಗೆ ಎಟುಕಲ್ಲ. ಕಿಟಕಿ ಚಿಲಕವೂ ಅಷ್ಟೇ. ನಿಮ್ಮ ನಟ ಎದ್ದು ಓಡಾಡ್ತಾನೆ, ಸರ್. ಅವರಿಗೆ ಎದ್ದು ನಿಲ್ಲೋಕೂ ಆಗ್ತಿರಲಿಲ್ಲ. ಸ್ಪ್ರೇಗೆ ಯಾರ ಬೆರಳು ತಾಗಿದೆ ಅಂತ ಸಾಯಂಕಾಲಕ್ಕೆ ಗೊತ್ತಾಗುತ್ತೆ. ಅಷ್ಟರಲ್ಲಿ ಅವರನ್ನ ನೋಡ್ಕೊಳ್ತಿದ್ದ ಹುಡುಗಿ ಮೇಲೆ ಸಾವಿನ ಅಪವಾದ ಬಂದಿರುತ್ತೆ. ಅದೂ ನಿಮಗೆ ಸರೀನಾ?"

ಉದಯಶಂಕರ್ ಗ್ಯಾರೇಜ್ ಮೆಟ್ಟಿಲ ಮೇಲೆ ಕೂತರು.

"ಶೋ ನಿಲ್ಸು ಅಂದ್ರು. ಏಳು ನಾಟಕ ಬರೆದ್ರು, ಏಳರಲ್ಲೂ ಅಣ್ಣ ಮುಳುಗ್ತಿರೋ ತಮ್ಮನಿಗೆ ಹಗ್ಗ ಎಸೀತಾನೆ. ಅಲೆ ಕಿತ್ಕೊಳ್ಳುತ್ತೆ. ನಿನ್ನೆ ಹೇಳಿದ್ರು, ಎಲ್ಲಾ ಸುಳ್ಳು, ನಾನು ಹಗ್ಗ ಎಸೀಲೇ ಇಲ್ಲ, ಕೈಯಲ್ಲಿ ಹಿಡ್ಕೊಂಡು ನೋಡ್ತಾ ನಿಂತಿದ್ದೆ ಅಂತ. ಇನ್ಮೇಲೆ ಯಾರೂ ಆ ಸುಳ್ಳನ್ನ ಆಡಬಾರದು ಅಂದ್ರು. ನನ್ನ ಆಯುಸ್ಸೆಲ್ಲ ಆ ನಾಟಕಕ್ಕೆ ಸುರಿದಿದ್ದೆ, ಮೇಡಂ. ಅಷ್ಟರಲ್ಲಿ ಎದೆ ಹಿಡ್ಕೊಂಡ್ರು. ಸ್ಪ್ರೇ ತೆಗೆದುಕೊಡು ಅಂದ್ರು. ತೆಗೆದೆ."

"ಕೊಡಲಿಲ್ಲ."

"ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ. ಅವರು ನನ್ನ ನೋಡ್ಲೇ ಇಲ್ಲ. ಎದುರಿನ ಕುರ್ಚಿ ನೋಡಿ, ಬಂದ್ಯಾ ಅಂದ್ರು."

* * *

ಕಾರು ಹತ್ತುವ ಮುಂಚೆ ಕಾತ್ಯಾಯಿನಿ ಟೌರಂಗಾಕ್ಕೆ, ಇನ್ನೂ ಕಾರಿಗನ್ ಮನೆಯಲ್ಲೇ ಇದ್ದ ಶ್ರೀವಿದ್ಯಾಳಿಗೆ, ಫೋನ್ ಮಾಡಿದಳು.

"ಶ್ರೀವಿದ್ಯಾ, ಸ್ಪ್ರೇ ನೀನು ಇಟ್ಟ ಜಾಗದಲ್ಲೇ ಇತ್ತು. ಬೇರೆಯವರು ತೆಗೆದದ್ದು. ನಾನು ಬರೆದು ಕೊಡ್ತೀನಿ."

ಆ ಕಡೆ ಬಹಳ ಹೊತ್ತು ಅಳು. ಆಮೇಲೆ ಸಣ್ಣ ದನಿ.

"ಮೇಡಂ, ನಿಮ್ಮೋರು ಯಾರಾದ್ರೂ ಆ ಖಾಲಿ ಕುರ್ಚಿ ತೊಳೆದ್ರಾ?"

"ಇಲ್ಲ. ಯಾಕೆ?"

"ಒದ್ದೆಯಾಗಿದೆ."