ರಿಜಿಸ್ಟರಿನ ಏಳನೇ ಸಾಲು

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಹೇಳುವ ಮುಖ ನನಗಿಲ್ಲ. ಸಂಜೆ ಕಾಲೇಜಿನಲ್ಲಿ ಕಲಿತ ನಾಲ್ಕಕ್ಷರ, ಕಾಣೆಯಾದವರನ್ನು ಹುಡುಕುತ್ತ ಕಳೆದ ಹನ್ನೊಂದು ವರ್ಷ... ನನ್ನ ಬಂಡವಾಳ ಇಷ್ಟೇ. ಎಲ್ಲಾದರೂ ನನ್ನನ್ನು ನಾನೇ ಒಳ್ಳೆಯವನನ್ನಾಗಿ ಮಾಡಿಕೊಳ್ಳುತ್ತಿದ್ದೇನೆ ಅನ್ನಿಸಿದರೆ ಅಲ್ಲೇ ತಡೆಯಿರಿ.

ಬೂದು ಬಣ್ಣದ ಕಾರು. ನಮ್ಮ ಹಿಂದೆ ಮೂರನೆಯದು.

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಎಡಕ್ಕೆ ಸಮುದ್ರ, ಬಲಕ್ಕೆ ಲಾಡ್ಜುಗಳ ಸಾಲು. ನಾವು ನಿಧಾನಿಸಿದರೆ ಅದೂ ನಿಧಾನಿಸುತ್ತಿತ್ತು.

"ಯಾರೋ ಅದು?" ಎಂದ ಗೇರ್.

ಗೇರ್ ನನ್ನ ಗೆಳೆಯ. ವಾರವೆಲ್ಲ ಶಾಲೆಯ ಬಸ್ಸು ಓಡಿಸುತ್ತಾನೆ, ಆ ಎರಡು ದಿನಕ್ಕೆ ಬಾವನ ಕಾರು ಕೇಳಿ ತಂದಿದ್ದ. ಹಿಂದಿನ ಸೀಟಿನಲ್ಲಿ ಅಕ್ಕ. ಒಡಹುಟ್ಟಿದವಳಲ್ಲ. ಸಂಜೆ ಕಾಲೇಜಿನಲ್ಲಿ ನಾವು ಮೂವರೂ ಒಂದೇ ಬೆಂಚಿನವರು. ಹಗಲೆಲ್ಲ ಯೂನಿಫಾರ್ಮ್ ಹೊಲಿದು, ಸೂಜಿ ಚುಚ್ಚಿದ ಬೆರಳುಗಳಲ್ಲೇ ನೋಟ್ಸ್ ಬರೆಯುತ್ತಿದ್ದಳು. ನಮಗಿಂತ ನಾಲ್ಕು ವರ್ಷ ದೊಡ್ಡವಳು. ಅದಕ್ಕೇ ಅಕ್ಕ.

ಎಂಟು ತಿಂಗಳ ಹಿಂದೆ ಉಟ್ಟ ಬಟ್ಟೆಯಲ್ಲೇ ಗಂಡನ ಮನೆಯಿಂದ ಹೊರಬಿದ್ದಿದ್ದಳು. ಎಡಗೈ ಮುರಿದಿತ್ತು. ಅದು ಎರಡನೆಯ ಸಲ. ಮೂರನೆಯ ಸಲ ಕೈಯಲ್ಲಿ ಮುಗಿಯುವುದಿಲ್ಲ ಎಂದು ಅವನೇ ಹೇಳಿದ್ದನಂತೆ. ಅವಳು ಎಲ್ಲಿ ಅಡಗಿದ್ದಾಳೆಂದು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಈ ಪ್ರವಾಸ ಗೇರ್‌ನ ಹಟ. "ಎಂಟು ತಿಂಗಳು ಕಿಟಕಿ ಮುಚ್ಕೊಂಡು ಕೂತಿದ್ದೀಯಲ್ಲಕ್ಕಾ. ಎರಡು ದಿನ ಸಮುದ್ರ ನೋಡ್ಕೊಂಡು ಬರೋಣ."

ಅವಳು ಒಪ್ಪಿದ್ದು ನನ್ನ ಮುಖ ನೋಡಿ. "ಪತ್ತೇದಾರ ಜೊತೆಗಿರ್ತಾನೆ. ಇನ್ನೇನು ಭಯ?"



"ಕಿವಿ ಕೇಳಿಸ್ತಿಲ್ವಾ? ಯಾರದು?" ಗೇರ್ ಮತ್ತೆ ಕನ್ನಡಿ ನೋಡಿದ.

"ಯಾರೋ ಟೂರಿಸ್ಟ್ ಇರಬೇಕು."

ಸುಳ್ಳು. ಒಂದು ಗಂಟೆಯ ಹಿಂದೆಯೇ ನನಗೆ ಗೊತ್ತಾಗಿತ್ತು.

ನನ್ನ ಕಸುಬಿನ ಒಂದು ಒಳಗುಟ್ಟು ಈಗ ಹೇಳಲೇಬೇಕು. ಮನೆ ಬಿಟ್ಟವರು ಬಹಳಷ್ಟು ಸಲ ಸಮುದ್ರದ ಕಡೆಗೇ ಬರುತ್ತಾರೆ. ಯಾಕೋ ತಿಳಿಯದು. ಹಾಗಾಗಿ ಆರು ವರ್ಷದ ಹಿಂದೆ ಈ ಊರಿನಲ್ಲಿ ನಾನೊಂದು ಏರ್ಪಾಡು ಮಾಡಿದ್ದೆ. ಇಪ್ಪತ್ತಮೂರು ಲಾಡ್ಜುಗಳ ಮ್ಯಾನೇಜರುಗಳು ದಿನಾ ಬೆಳಿಗ್ಗೆ ಹತ್ತಕ್ಕೆ ಹಿಂದಿನ ದಿನದ ರಿಜಿಸ್ಟರ್ ಪುಟದ ಫೋಟೋ ತೆಗೆದು ಫೋನಿನ ಒಂದು ಗ್ರೂಪಿಗೆ ಹಾಕುತ್ತಾರೆ. ಗ್ರೂಪಿನಲ್ಲಿ ನಾವು ಒಂಬತ್ತು ಜನ ಹುಡುಕುವವರು. ಒಬ್ಬರು ನೋಡದಿದ್ದರೆ ಇನ್ನೊಬ್ಬರು ನೋಡುತ್ತಾರೆ. ನಮ್ಮ ಪತ್ತೇದಾರಿ ಆಫೀಸಿನಲ್ಲಿ ಶಭಾಷ್ ಅಂದಿದ್ದರು. ನಾನೂ ಒಳಗೊಳಗೇ ಬೀಗಿದ್ದೆ.

ಶನಿವಾರ ಮಧ್ಯಾಹ್ನ ನಾವು ಇಳಿದ ಲಾಡ್ಜು ಆ ಪಟ್ಟಿಯಲ್ಲಿರಲಿಲ್ಲ. ಒಂದು ವಾರ ಮೊದಲೇ ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡು ಬುಕ್ ಮಾಡಿದ್ದೆ. ಮ್ಯಾನೇಜರ್ ರಿಜಿಸ್ಟರ್ ನನ್ನ ಮುಂದೆ ತಳ್ಳಿದ. ಅಕ್ಕ ಬೆನ್ನ ಹಿಂದಿನಿಂದ ಪಿಸುಗುಟ್ಟಿದಳು, "ನನ್ನ ಹೆಸರು ಬೇಡ ಕಣೋ. ಏನಾದ್ರೂ ಬರಿ."

ಐದನೇ ಸಾಲಿಗೆ ನನ್ನ ಹೆಸರು. ಆರಕ್ಕೆ ಗೇರ್‌ನ ಹೆಸರು. ಏಳನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಸುಳ್ಳು ಹೆಸರು ಬರೆಸಿಕೊಳ್ಳಬೇಡಿ ಎಂದು ಆರು ವರ್ಷದಿಂದ ಊರಿನ ಮ್ಯಾನೇಜರುಗಳಿಗೆಲ್ಲ ಪಾಠ ಹೇಳಿದವನು ನಾನು. ಸುಳ್ಳು ಬರೆಯಲು ಕೈ ಬರಲಿಲ್ಲ. ಪಟ್ಟಿಯಲ್ಲಿಲ್ಲದ ಲಾಡ್ಜು ತಾನೇ, ಯಾರು ನೋಡುತ್ತಾರೆ ಎಂದುಕೊಂಡೆ. ಅವಳ ಹೆಸರು, ವಯಸ್ಸು, ಫೋನ್ ನಂಬರು. ಎಲ್ಲವೂ ಸರಿಯಾಗಿ, ದುಂಡಗೆ.

ಮೆಟ್ಟಿಲು ಹತ್ತುವಾಗ ಕೇಳಿದಳು. "ಬರೀಲಿಲ್ಲ ತಾನೇ?"

"ಇಲ್ಲ," ಎಂದೆ. ಸುಳ್ಳು ಬರೆಯಲು ಬಾರದ ನನಗೆ ಸುಳ್ಳು ಹೇಳಲು ಮಾತ್ರ ಬಂತು.

ಭಾನುವಾರ ತಿಂಡಿಯ ಹೊತ್ತಿಗೆ ಫೋನು ಗುಂಯ್‌ಗುಟ್ಟಿತು. ಹತ್ತು ಗಂಟೆ, ಎರಡು ನಿಮಿಷ. ಗ್ರೂಪಿನಲ್ಲಿ ಒಂದು ಪುಟ. ನನ್ನದೇ ಕೈಬರಹ! ಶುಕ್ರವಾರ ಯಾರೋ ಇದೇ ಲಾಡ್ಜನ್ನು ಇಪ್ಪತ್ತನಾಲ್ಕನೆಯದಾಗಿ ಸೇರಿಸಿದ್ದರು. ಸೂಚನೆ ಬಂದಿತ್ತು. ಪ್ರವಾಸದ ಖುಷಿಯಲ್ಲಿ ನಾನು ತೆರೆದಿರಲಿಲ್ಲ.

ಒಂದೇ ನಿಮಿಷದಲ್ಲಿ ಕೆಳಗೆ ಉತ್ತರ ಬಂತು. "ಸಿಕ್ಕಳು. ಥ್ಯಾಂಕ್ಸ್ ಗುರು."

ಕಳಿಸಿದವನು ಜಿಗಣೆ. ನನ್ನ ಕೈಯಲ್ಲೇ ಕೆಲಸ ಕಲಿತವನು. ಅಂಟಿಕೊಂಡರೆ ಬಿಡುವವನಲ್ಲ, ಅದಕ್ಕೆ ಆ ಹೆಸರು. ಅಕ್ಕನ ಗಂಡ ಅವಳನ್ನು ಹುಡುಕಲು ಅವನಿಗೆ ದುಡ್ಡು ಕೊಟ್ಟಿದ್ದಾನೆಂದು ನನಗೆ ಆಗಲೇ ತಿಳಿದದ್ದು.

ಎದ್ದೆ. "ಬೇಗ ಹೊರಡೋಣ, ಆಮೇಲೆ ಟ್ರಾಫಿಕ್ ಆಗುತ್ತೆ," ಎಂದೆ. ಅಷ್ಟೇ ಹೇಳಿದೆ.

ಈಗ ಮತ್ತೆ ಕಾರಿಗೆ ಬನ್ನಿ.

"ಬಲಕ್ಕೆ ತಿರುಗಿಸು," ಎಂದೆ. ಗೇರ್ ತಿರುಗಿಸಿದ. ಮೀನು ಮಾರುಕಟ್ಟೆಯ ಓಣಿ. ಐಸ್ ಲಾರಿ ಅಡ್ಡ ನಿಂತಿತ್ತು. ಅದರ ಮಗ್ಗುಲಲ್ಲಿ ಒಂದು ಗೇಣು ಜಾಗ. ಕನ್ನಡಿ ಮಡಚಿಕೊಂಡು ನುಗ್ಗಿದೆವು. ಬಾಗಿಲು ಉದ್ದಕ್ಕೂ ಗೀರಿದ ಸದ್ದು...

"ಬಾವ ನನ್ನನ್ನ ಜೀವಂತ ಬಿಡಲ್ಲ," ಎಂದ ಗೇರ್.

ಬೂದು ಕಾರು ಹಿಂದೆ ಉಳಿಯಿತು.

"ಬಸ್ ಸ್ಟ್ಯಾಂಡಿಗೆ ಹೋಗು."

ಹೋದೆವು. ಬೂದು ಕಾರು ಗೇಟಿನ ಮುಂದೆ ಆಗಲೇ ನಿಂತಿತ್ತು.

"ದೋಣಿ ಕಟ್ಟೆಗೆ."

ಅಲ್ಲಿ ಟಿಕೆಟ್ ಕಿಟಕಿಯ ಪಕ್ಕ ಗೋಡೆಯಂಥ ಒಬ್ಬ ಆಳು ನಿಂತು, ಹೆಂಗಸರ ಮುಖ ಮಾತ್ರ ನೋಡುತ್ತಿದ್ದ.

"ದೊಡ್ಡಾಸ್ಪತ್ರೆ ಹಿಂದಿನ ಗೇಟಿಗೆ..."

"ನಿಲ್ಸು," ಎಂದಳು ಅಕ್ಕ. ಗೇರ್ ನಿಲ್ಲಿಸಿದ. "ಇವನು ಹೇಳೋ ಜಾಗಕ್ಕೆಲ್ಲ ಅವರು ನಮಗಿಂತ ಮೊದಲೇ ಬರ್ತಿದ್ದಾರೆ. ಹೇಗೆ?"

ನಾನು ಕಿಟಕಿಯ ಹೊರಗೆ ನೋಡಿದೆ.

"ನಿನ್ನನ್ನೇ ಕೇಳ್ತಿರೋದು."

ಫೋನು ತೆರೆದು ಅವಳ ಕೈಗೆ ಕೊಟ್ಟೆ. ನನ್ನ ಜೀವನದಲ್ಲಿ ಅಷ್ಟು ಭಾರದ ವಸ್ತುವನ್ನು ನಾನು ಎತ್ತಿಲ್ಲ. ಅವಳು ಪುಟವನ್ನು ದೊಡ್ಡದು ಮಾಡಿ ಓದಿದಳು. ಬೆರಳು ಏಳನೇ ಸಾಲಿನಲ್ಲಿ ನಿಂತಿತು.

"ಅಕ್ಷರ ಚೆನ್ನಾಗಿದೆ," ಎಂದಳು.

"ಅಕ್ಕಾ..."

"ಮೆಟ್ಟಿಲ ಮೇಲೆ ಕೇಳಿದ್ನಲ್ಲ."

"ಹೂಂ."

"ಇಲ್ಲ ಅಂದೆ."

"ನಿನ್ನ ಸಂತೋಷ ಹಾಳಾಗುತ್ತೆ ಅಂತ..."

"ಈಗ?"

ಗೇರ್ ನನ್ನ ಕಡೆ ತಿರುಗಲೂ ಇಲ್ಲ. "ಥೂ ನಿನ್ನ," ಎಂದ, ಮೆಲ್ಲಗೆ. ಕಿರುಚಿದ್ದರೆ ಆಗುತ್ತಿತ್ತು. ಎರಡು ಬಾರಿಸಿದ್ದರೂ ಆಗುತ್ತಿತ್ತು.

ಆಮೇಲೆ ನಾನು ಹೇಳಿದ್ದಿಷ್ಟು. "ಅವನಿಗೆ ಕಲಿಸಿದವನು ನಾನೇ ಅಕ್ಕಾ. ನನ್ನ ತಲೆಗೆ ಬರೋದೆಲ್ಲ ಅವನ ತಲೆಗೂ ಬರುತ್ತೆ. ಇನ್ನು ನನ್ನನ್ನ ಏನೂ ಕೇಳಬೇಡ. ಎಲ್ಲಿಗೆ ಹೋಗ್ತೀನಿ ಅಂತ ಹೇಳಲೂ ಬೇಡ. ಫೋನು ಇಲ್ಲೇ ಬಿಡು, ನಂಬರು ಬರೆದುಬಿಟ್ಟಿದ್ದೀನಿ."

ಅವಳು ತನ್ನ ಫೋನನ್ನು ಸೀಟಿನ ಮೇಲಿಟ್ಟಳು. ತಲೆಗೆ ಕಟ್ಟಿದ್ದ ಹಸಿರು ಸ್ಕಾರ್ಫ್ ಬಿಚ್ಚಿ ಅದರ ಪಕ್ಕ ಇಟ್ಟಳು. ಗೇರ್ ಜೇಬಿನಲ್ಲಿದ್ದದ್ದನ್ನೆಲ್ಲ ಅವಳ ಕೈಗೆ ತುರುಕಿದ.

"ಊಟ ಹೊತ್ತಿಗೆ ಸರಿಯಾಗಿ ಮಾಡು," ಎಂದಳು ಅವನಿಗೆ. ನನಗೆ ಏನೂ ಹೇಳಲಿಲ್ಲ.

ಬಾಗಿಲು ತೆರೆದ ಸದ್ದಾಯಿತು. ಯಾರಾದರೂ ಹೊರಟರೆ ಯಾವ ಕಡೆಗೆ ಎಂದು ನೋಡುವುದು ನನ್ನ ಕಣ್ಣಿನ ಚಾಳಿ. ಗೇರ್ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಸಮುದ್ರದ ಕಡೆ ತಿರುಗಿಸಿ, ಅರವತ್ತು ಎಣಿಸುವವರೆಗೆ ಬಿಡಲಿಲ್ಲ.

ಸ್ಕಾರ್ಫನ್ನು ಹಿಂದಿನ ಸೀಟಿನ ದಿಂಬಿಗೆ ಸುತ್ತಿದೆವು. ದೂರದಿಂದ ನೋಡಿದರೆ ಯಾರೋ ಕೂತ ಹಾಗೆ. ಬೇಕೆಂದೇ ಬಸ್ ಸ್ಟ್ಯಾಂಡಿನ ಮುಂದೆ ನಿಧಾನವಾಗಿ ಹಾದೆವು. ಬೂದು ಕಾರು ಹಿಂದೆ ಬಿತ್ತು. ಗೇರ್ ಆ ದಿನ ಓಡಿಸಿದ ಹಾಗೆ ಶಾಲೆಯ ಬಸ್ಸು ಓಡಿಸಿದ್ದರೆ ಯಾರೂ ಮಕ್ಕಳನ್ನು ಅದಕ್ಕೆ ಹತ್ತಿಸುತ್ತಿರಲಿಲ್ಲ. ನಲವತ್ತು ನಿಮಿಷ. ಕೊನೆಗೆ ಬಂದರಿನ ಕಲ್ಲುಕಟ್ಟೆ. ಮುಂದೆ ನೀರು, ಹಿಂದೆ ಅವರು.

ಜಿಗಣೆ ಇಳಿದು ಬಂದ. ಜೊತೆಗೆ ದೋಣಿ ಕಟ್ಟೆಯಲ್ಲಿದ್ದ ಆ ಗೋಡೆಯಂಥ ಆಳು. ಹಿಂದಿನ ಬಾಗಿಲು ತೆರೆದು ದಿಂಬನ್ನು ನೋಡಿದ. ನಕ್ಕ.

"ಗುರುಗಳೇ, ಇದು ನೀವು ಕಲಿಸದೆ ಇಟ್ಕೊಂಡ ಪಾಠ."

ಗೋಡೆ ನನ್ನನ್ನು ಬಾನೆಟ್ಟಿನ ಮೇಲೆ ಒತ್ತಿ ಹಿಡಿದ. ತಗಡು ಕಾದಿತ್ತು. ಜಿಗಣೆ ನನ್ನ ಬಲಗೈ ಕಿರುಬೆರಳನ್ನು ಹಿಡಿದುಕೊಂಡ, ಪ್ರೀತಿಯಿಂದಲೇ.

"ಎಲ್ಲಿದ್ದಾಳೆ?"

"ಗೊತ್ತಿಲ್ಲ."

"ಎಲ್ಲಿ?"

"ಗೊತ್ತಿಲ್ಲ."

ಟಕ್ ಎಂದಿತು. ಸಣ್ಣ ಸದ್ದು. ಕಣ್ಣಿಗೆ ಕತ್ತಲೆ ಬಂತು.

"ಎಲ್ಲಿ ಗುರುಗಳೇ?"

"ಗೊತ್ತಿಲ್ಲ."

ಬಹಳ ಹೊತ್ತು ನನ್ನ ಮುಖ ನೋಡಿದ. ಸುಳ್ಳನ್ನು ಮುಖದಲ್ಲಿ ಓದುವುದನ್ನು ಅವನಿಗೆ ಚೆನ್ನಾಗಿ ಕಲಿಸಿದ್ದೆ.

"ನಿಜಾನೇ ಹೇಳ್ತಿದ್ದೀರಿ," ಎಂದ. ಬೆರಳು ಬಿಟ್ಟ. ಅವನಿಗೆ ಬೇಜಾರಾದ ಹಾಗಿತ್ತು. "ನಾನು ಏನಂದ್ಕೊಂಡೆ ಗೊತ್ತಾ? ನನಗೋಸ್ಕರ ನೀವೇ ಕರ್ಕೊಂಡು ಬಂದು, ನೀಟಾಗಿ ಹೆಸರು ಬರೆದು ಕೊಟ್ರಿ ಅಂತ. ಆಫೀಸಲ್ಲಿ ಎಲ್ಲರಿಗೂ ಹಾಗೇ ಹೇಳಿದ್ದೀನಿ."

ಬೆರಳಿನ ನೋವು ಆರು ವಾರಕ್ಕೆ ಹೋಯಿತು.

ಅವತ್ತೇ ಆ ಗ್ರೂಪು ಅಳಿಸಿದೆ. ಸೋಮವಾರ ಕೆಲಸ ಬಿಟ್ಟೆ. ಮಂಗಳವಾರ ಜಿಗಣೆ ಹೊಸ ಗ್ರೂಪು ಮಾಡಿದನಂತೆ, ಅದರಲ್ಲಿ ಮೂವತ್ತು ಲಾಡ್ಜುಗಳಿವೆಯಂತೆ. ಗೇರ್ ಒಂದು ಸಲ ಫೋನ್ ಮಾಡಿದ್ದ. "ಏನಾದ್ರೂ ಗೊತ್ತಾಯ್ತಾ?" ಎಂದ. ಇಲ್ಲ ಎಂದೆ. "ಸದ್ಯ," ಎಂದು ಇಟ್ಟುಬಿಟ್ಟ.

ಅವಳು ಬಸ್ಸು ಹತ್ತಿದಳೋ, ಲಾರಿಯೋ, ನಡೆದೇ ಹೋದಳೋ ಗೊತ್ತಿಲ್ಲ. ಈಗ ಯಾವ ಊರಲ್ಲಿ ಏನು ಹೊಲಿಯುತ್ತಿದ್ದಾಳೆ, ಗೊತ್ತಿಲ್ಲ. ಹೋದ ತಿಂಗಳವರೆಗೆ ಜಿಗಣೆ ಹುಡುಕುತ್ತಲೇ ಇದ್ದ, ಅಂದರೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಆಮೇಲಿನದು ಗೊತ್ತಿಲ್ಲ. ನನ್ನನ್ನು ನೆನೆಸಿಕೊಂಡರೆ ಏನೆಂದು ನೆನೆಸಿಕೊಳ್ಳುತ್ತಾಳೋ, ಅದನ್ನು ಊಹಿಸುವ ಧೈರ್ಯವೂ ಇಲ್ಲ.

ಹುಡುಕಲು ನನಗೆ ಎರಡು ದಿನ ಸಾಕು. ನನ್ನ ಬೆನ್ನು ಹಿಡಿದು ಬರಲು ಜಿಗಣೆಗೆ ಅರ್ಧ ದಿನವೂ ಬೇಡ.

ಸದ್ಯಕ್ಕೆ ನನ್ನಿಂದ ಅವಳಿಗೆ ಆಗುತ್ತಿರುವ ಉಪಕಾರ ಇಷ್ಟೇ... ನನಗೆ ಏನೂ ಗೊತ್ತಿಲ್ಲ.