ಖಾಲಿ ಬಿಟ್ಟ ಗೂಡು

ನೆರೆಮನೆಯ ಡೆಲ್ಬರ್ಟ್ ತನ್ನದೇ ರಿವಾಲ್ವರಿನ ಗುಂಡಿಗೆ ಸತ್ತಿದ್ದ. ಡಬ್ಬಗಳಿಗೆ ಗುರಿಯಿಟ್ಟು ಹೊಡೆಯುವ ಮೋಜಿಗೆ ನನಗೊಂದು ಅಗ್ಗದ್ದು ಬೇಕಿತ್ತು. "ಸಾವು ಕಂಡ ಸಾಮಾನು ಯಾರಿಗೆ ಬೇಕು, ವಿಲ್ಮಾ?" ಎಂದು ಅವನ ಹೆಂಡತಿಯನ್ನು ಅಳುಕಿಸಿ, ಆ ರಿವಾಲ್ವರನ್ನು ನಲವತ್ತು ಡಾಲರಿಗೆ ಗಿಟ್ಟಿಸಿಕೊಂಡೆ.

"ಐದೇ ಗುಂಡು ಹಾಕು, ರಾಯ್ಸ್. ಸುತ್ತಿಗೆ ಬಡಿಯೋ ಆರನೇ ಗೂಡು ಖಾಲಿ ಇದ್ರೆ ಕೈಜಾರಿ ಬಿದ್ರೂ ಗುಂಡು ಹಾರಲ್ಲ. ನಮ್ಮೋರು ಯಾವತ್ತೂ ಹಂಗೇ ಮಾಡ್ತಿದ್ರು," ಎಂದಳು.

ಹಾಗೇ ಮಾಡಿದೆ. ಬಿರುಬಿಸಿಲಲ್ಲಿ ಐದು ಸಲ ಹೊಡೆದೆ; ಸದ್ದು ಆರು ಸಲ ಕೇಳಿತು. ಬೇಲಿಯ ಮೇಲಿಟ್ಟಿದ್ದ ಆರು ಡಬ್ಬಗಳೂ ಉರುಳಿದ್ದವು. ರಿವಾಲ್ವರ್ ಬಿಚ್ಚಿದರೆ ಐದು ಗೂಡುಗಳು ಕೈ ಸುಡುತ್ತಿದ್ದವು, ಖಾಲಿಯದು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

ಅಂದೇ ಹಿಂದಿರುಗಿಸಲು ಹೋದೆ, ಹಣ ಬೇಡವೆಂದೆ. ವಿಲ್ಮಾ ಅದನ್ನು ಮುಟ್ಟಲಿಲ್ಲ.

"ಅವ್ರು ಸತ್ತ ದಿನ ಪೊಲೀಸ್ರು ಇದನ್ನ ಬಿಚ್ಚಿದಾಗ ಐದು ಗುಂಡೂ ಹಾರದೆ ಹಂಗೇ ಇದ್ವು ಕಣೋ. ಹೇಳೋಣಾಂತಲೇ ಇದ್ದೆ. ನೀನು ರೇಟು ಇಳಿಸ್ತಾನೇ ಇದ್ದೆ."