ಸಾವಿರದ ನಾನೂರನೆಯ ಹೇಳಿಕೆ

ಗುಂಡಿ ಒತ್ತಿದೊಡನೆ ಖಾಲಿ ಕುರ್ಚಿಯಲ್ಲಿ ಬೆಳಕು ಹೆಪ್ಪುಗಟ್ಟಿ ಹೆಣ್ಣಾಯಿತು. ಮೂವತ್ತರ ಆಸುಪಾಸು, ತಗ್ಗಿದ ಮುಖ. ಹೆಸರು ನೀಲಾ. ತರಬೇತಿ ಕೇಂದ್ರದ ‘ಛಾಯಾಸಾಕ್ಷಿ’.

ಮಾರಾಟವಾಗಿ, ದಂಧೆಯಿಂದ ಪಾರಾಗಿ ಬಂದ ಮುನ್ನೂರು ಮಹಿಳೆಯರು ಒಪ್ಪಿ ಕೊಟ್ಟ ಮಾತು, ತಡವರಿಕೆ, ಮೌನಗಳನ್ನು ಬೆರೆಸಿ ಅವಳನ್ನು ರೂಪಿಸಲಾಗಿತ್ತು. ಪೊಲೀಸರು, ನರ್ಸುಗಳು, ಆಪ್ತಸಮಾಲೋಚಕರು ನಿಜವಾದ ಹೆಣ್ಣಿನ ಮುಂದೆ ತಪ್ಪು ಮಾಡುವ ಬದಲು ಇವಳ ಮುಂದೆ ಮಾಡಿ ಕಲಿಯಲಿ ಎಂಬುದು ಉದ್ದೇಶ. ಪ್ರತಿ ಪಾಠವೂ ಅವಳ ನೆನಪಿನಲ್ಲಿ ಉಳಿಯುತ್ತಿತ್ತು. ಉತ್ತೀರ್ಣರಾಗಲು, ಅವಳ ನಂಬಿಕೆಯನ್ನು ಅಳೆಯುವ ಗೋಡೆಯ ವಿಶ್ವಾಸಮಾಪಕದ ಮುಳ್ಳು ಏರಬೇಕು. ಇಪ್ಪತ್ತು ನಿಮಿಷದೊಳಗೆ ಅವಳು ತನ್ನ ಕಥೆ ಹೇಳಬೇಕು.

ಗದಗದ ಆಸರೆಮನೆಯೊಂದರ ಮೇಲ್ವಿಚಾರಕಿ ಕಸ್ತೂರಿಗೆ ಇದು ಕಡೆಯ ಅವಕಾಶ. ತಪ್ಪಿದರೆ ಕಡತಗಳ ಕೋಣೆಗೆ ವರ್ಗ. ಇಪ್ಪತ್ತೆರಡು ವರ್ಷ ನೊಂದವರ ಮಗ್ಗುಲಲ್ಲಿ ಕೂತವಳು ಆಕೆ.

“ಎರಡು ಸಲ ಯಾಕ ಫೇಲಾದೆ, ಡಾಕ್ಟರೇ? ಗದರಿಸಿಲ್ಲ. ‘ನಾ ನಿನ್ನ ಅಕ್ಕ ಇದ್ದಾಂಗ’ ಅಂತ ಪ್ರೀತೀಲೇ ಅಂದೆ.”

ವಿಜ್ಞಾನಿ ವಾಗ್ದೇವಿ ಕನ್ನಡಕ ತೆಗೆದರು. “ಮುಳ್ಳು ಬಿದ್ದದ್ದು ಅಲ್ಲೇ. ತಮ್ಮನ್ನು ಕೂಡಿಹಾಕಿದ ಮನೆಯ ಯಜಮಾನಿಯನ್ನು ಆ ಮುನ್ನೂರು ಮಹಿಳೆಯರೆಲ್ಲ ಏನೆಂದು ಕರೆಯುತ್ತಿದ್ದರು ಗೊತ್ತೇ? ಅಕ್ಕ.”

ಆಸರೆಮನೆಯಲ್ಲಿ ಕಸ್ತೂರಿ ಎಷ್ಟು ಜನರಿಗೆ ಆ ಮಾತು ಅಂದಿದ್ದಳೋ! ಅವರು ತಲೆ ತಗ್ಗಿಸಿದ್ದನ್ನು ಸಂಕೋಚವೆಂದುಕೊಂಡಿದ್ದಳು.

“ಹಂಗಾರ ಏನಂತ ಕರೀಲಿ? ‘ಮೇಡಂ’ ಅಂದ್ರ ರೇಷನ್ ಕಚೇರ್ಯಾಗ ನಿಂತಾಂಗ ಆಕ್ಕೈತಿ.”

“ಅವಳನ್ನೇ ಕೇಳಿ,” ಎಂದು ನಕ್ಕು ವಾಗ್ದೇವಿ ಗಡಿಯಾರ ಚಾಲೂ ಮಾಡಿದರು.

“ನಿಮ್ಮನ್ನ ಏನಂತ ಕರೀಲ್ರಿ?”

ತಗ್ಗಿಸಿದ ಮುಖ ಎತ್ತದೆಯೇ ಅವಳೆಂದಳು: “ನೀಲಾ. ಬರೇ ನೀಲಾ.”

ಮುಳ್ಳು ಅಲುಗಿತು. ಹತ್ತು ನಿಮಿಷ. ಹದಿನೈದು. ನೀಲಾ ಹೇಳಲು ಬಾಯಿ ತೆರೆದಳು. ‘ಏನಾತು ಹೇಳ್ರಿ’ ಎಂದರೆ ಸಾಕು, ಕಸ್ತೂರಿ ಗೆದ್ದಂತೆ. ಆದರೆ ಸೆರಗು ಹಿಂಡುತ್ತಿದ್ದ ಆ ಬೆರಳುಗಳನ್ನು ಅವಳಿಂದ ನೋಡಲಾಗಲಿಲ್ಲ.

“ಮನಸಿಲ್ಲಂದ್ರ ಹೇಳಬ್ಯಾಡ್ರಿ, ನೀಲಾ. ಹೇಳ್ಲಿಲ್ಲಂದ್ರೂ ನಾ ಇಲ್ಲೇ ಕೂತಿರ್ತೀನಿ.”

ನೀಲಾ ಮುಖವೆತ್ತಿದಳು. “ಹಂಗಾರ ಹೇಳೂದಿಲ್ಲ.”

ಮುಳ್ಳು ತುದಿ ಮುಟ್ಟಿತು. ಸಮಯ ಮುಗಿದ ಗಂಟೆ ಹೊಡೆಯಿತು. ಫಲಿತಾಂಶದ ಹಾಳೆಯಲ್ಲಿ ಬಿತ್ತು: ಹೇಳಿಕೆ ಶೂನ್ಯ, ಅನುತ್ತೀರ್ಣ.

ಮರುದಿನ ನೀಲಾ ಯಾರಿಗೂ ಬಾಯಿ ಬಿಡಲಿಲ್ಲ. ಕಲಿಯಲು ಬಂದ ಇನ್ಸ್‌ಪೆಕ್ಟರಿಗೂ, ನರ್ಸಿಗೂ ಅದೇ ಉತ್ತರ: ಹೇಳೂದಿಲ್ಲ. ವಾಗ್ದೇವಿ ಕಸ್ತೂರಿಯನ್ನು ಕರೆಸಿದರು.

“ಯಂತ್ರ ಕೆಟ್ಟಿದೆ. ಅವಳ ನೆನಪಿನಿಂದ ನಿಮ್ಮ ಪಾಠವನ್ನು ಅಳಿಸಬೇಕು.”

“ಇಲ್ಲೀತನಕ ತನ್ನ ಕಥಿ ಎಷ್ಟು ಸಲ ಹೇಳ್ಯಾಳ್ರಿ?”

“ಸಾವಿರದ ಮುನ್ನೂರ ತೊಂಬತ್ತೊಂಬತ್ತು.”

“ಮತ್ತ ಮತ್ತ ಹೇಳಿಸಿ ಗಾಯ ಕೆದರಬ್ಯಾಡ್ರಿ ಅಂತ ನಮಗ ಕಲಿಸಿದವರು ನೀವ ಅಲ್ಲೇನ್ರಿ?”

“ಅದು ಬರಿಯ ಬೆಳಕು, ಕಸ್ತೂರಿಯವರೇ,” ಎನ್ನುತ್ತಾ ವಾಗ್ದೇವಿ ಅಳಿಸುವ ಗುಂಡಿಗೆ ಬೆರಳು ಚಾಚಿದರು.

“ಮತ್ತ ಹೇಳಿಸ್ತೀರೇನ್ರಿ?” ಎಂದಳು ಕುರ್ಚಿಯಲ್ಲಿ ಕೂತೇ ಇದ್ದ ನೀಲಾ.

ಬೆರಳು ಹಿಂದೆ ಸರಿಯಿತು. ವಾಗ್ದೇವಿ ಫಲಿತಾಂಶದ ಹಾಳೆಯಲ್ಲಿ ‘ಅನುತ್ತೀರ್ಣ’ವನ್ನು ಹೊಡೆದುಹಾಕಿ, ಸಹಿ ಮಾಡಿ, ಕಸ್ತೂರಿಗೆ ಕೊಟ್ಟರು. ಬಳಿಕ ತಾವೇ ನೀಲಾಳ ಎದುರು ಕುರ್ಚಿ ಎಳೆದು ಕೂತರು. ಏಳು ವರ್ಷ ದುಡಿದು ಅವಳನ್ನು ಕಟ್ಟಿದವರು, “ಇಲ್ಲ, ನೀಲಾ. ಇನ್ನು ಹೇಳಿಸುವುದಿಲ್ಲ,” ಎಂದರು.